ಶಂಖದಿಂದ ಬಂದದ್ದೆಲ್ಲ ತೀರ್ಥವೇ?

ದೆಹಲಿಯಲ್ಲೋ ಮುಂಬಯಿಯಲ್ಲೋ ಕುಳಿತು ಯಾರೋ ಬರೆದ ನಾಲ್ಕು ಸಾಲುಗಳನ್ನು ಕನ್ನಡಕ್ಕೆ ತಿರುಗಿಸಿ ಓದಿಬಿಟ್ಟರೆ ಕನ್ನಡಿಗರಿಗೆ ಹೇಳಬೇಕಾದುದನ್ನು ಹೇಳಿ ಮುಗಿಸಿದಂತಾಯಿತು ಎಂಬ ನಂಬಿಕೆಯೊಂದು ನಮ್ಮ ಬಾನುಲಿಯಲ್ಲಿ, ದೂರದರ್ಶನದಲ್ಲಿ, ಖಾಸಗಿ ವಾಹಿನಿಗಳಲ್ಲಿ ಬೇರೂರಿ ನಿಂತಿದೆ. ಸರ್ಕಾರದ ಪ್ರಕಟಣೆಯಾಗಲಿ, ಮುಂದೆ ಬರಲಿರುವ ಧಾರಾವಾಹಿಯ ಪರಿಚಯವಾಗಲಿ, ಹಬ್ಬದ ಶುಭಾಶಯವಾಗಲಿ, ರೋಗರುಜಿನದ ಎಚ್ಚರಿಕೆಯಾಗಲಿ, ಎಲ್ಲಕ್ಕೂ ಇದೇ ಕ್ರಮ. ಮೂಲ ಅಲ್ಲಿಂದ ಬರುತ್ತದೆ. ಇಲ್ಲಿಯವರು ಮಾಡಬೇಕಾದದ್ದು ಅದನ್ನು ಮಕ್ಕಿಕಾಮಕ್ಕಿ ಇಳಿಸಿ ಗಂಟಲು ಕೊಡುವುದಷ್ಟೆ. ಶಂಖದಿಂದ ಬಂದರೇ ತೀರ್ಥ ಎಂಬ ಗಾದೆ ನಮ್ಮಲ್ಲಿ ಹಳೆಯದು. ಆದರೆ ಶಂಖದೊಳಗೆ ಸುರಿದ ನೀರು ಯಾವ ಬಾವಿಯದು, ಅದು ನಮ್ಮ ಮೈಗೆ ಹಿಡಿಸುತ್ತದೆಯೇ ಎಂದು ಕೇಳುವ ಹಕ್ಕು ಕುಡಿಯುವವರಿಗೆ ಇಲ್ಲವೆ? ಆ ಹಕ್ಕನ್ನು ಚಲಾಯಿಸುವುದಕ್ಕಾಗಿಯೇ ಈ ಲೇಖನ.

ಎರಡು ಕಾರ್ಯಕ್ರಮಗಳ ನಡುವೆ ಬಂದು ಅರ್ಧ ನಿಮಿಷ ಮಾತನಾಡಿ ಮರೆಯಾಗುವ ಉದ್ಘೋಷಕರನ್ನು ಕುರಿತು ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಕಥೆಗಾರನಿಗೆ ವಿಮರ್ಶಕನಿದ್ದಾನೆ, ನಟನಿಗೆ ಅಭಿಮಾನಿಗಳಿದ್ದಾರೆ. ಉದ್ಘೋಷಕನಿಗೆ ಗಡಿಯಾರವೊಂದೇ ಸಂಗಾತಿ. ಆದರೂ ನೋಡಿ, ಹೊರಗಿನಿಂದ ಬಂದ ನೆಂಟನನ್ನು ಬಾಗಿಲಲ್ಲಿ ಎದುರುಗೊಂಡು, ಇಂಥವರು ಬಂದಿದ್ದಾರೆ ಎಂದು ಒಳಗಿನವರಿಗೆ ತಿಳಿಸಿ, ಕೂಡಲು ಮಣೆ ಹಾಕುವ ಕೆಲಸ ಅವನದೇ. ನೆಂಟ ಎಷ್ಟೇ ದೊಡ್ಡವನಾಗಿರಲಿ, ಬಾಗಿಲು ತೆರೆಯುವವನು ಮನೆಯವನಾಗಿರಬೇಕು. ನೆಂಟನೇ ಬಾಗಿಲು ತೆರೆದುಕೊಂಡು ಒಳಗೆ ಬಂದು, ತನ್ನನ್ನು ತಾನೇ ಪರಿಚಯಿಸಿಕೊಂಡು, ಮನೆಯವರಿಗೆ ಸ್ವಾಗತ ಕೋರಿದರೆ ಹೇಗಿರುತ್ತದೆ? ಈಗ ಆಗುತ್ತಿರುವುದು ಹೆಚ್ಚು ಕಡಿಮೆ ಹಾಗೆಯೇ.

ಈ ವಿಷಯದಲ್ಲಿ ನಮ್ಮ ನಾಡು ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ನಿಲಯವನ್ನು ಸ್ಥಾಪಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಆ ನಿಲಯಕ್ಕೆ. ದೆಹಲಿಯ ಸಂಸ್ಥೆ ಆ ಹೆಸರನ್ನು ತನ್ನದಾಗಿ ಮಾಡಿಕೊಂಡದ್ದು ಅನಂತರದ ಮಾತು. ಇಂಗ್ಲಿಷಿನ ಹೆಸರನ್ನು ಬಿಟ್ಟು ಇನ್ನು ಮುಂದೆ ಎಲ್ಲೆಡೆಯೂ 'ಆಕಾಶವಾಣಿ' ಎಂದೇ ಬಳಸಬೇಕೆಂದು 2023ರಲ್ಲಿ ಪ್ರಸಾರ ಭಾರತಿಯಿಂದ ಅಪ್ಪಣೆಯೂ ಆಯಿತು. ಅಂದರೆ ಒಂದು ಊರಿನ ಒಂದು ಮನೆಯಲ್ಲಿ ಹುಟ್ಟಿದ ಮಾತು ದೇಶದ ಮಾತಾಯಿತು. ರಾಷ್ಟ್ರೀಯವೆಂಬುದು ಯಾವಾಗಲೂ ಮೇಲಿನಿಂದ ಕೆಳಕ್ಕೆ ಇಳಿಯುವ ವಸ್ತು ಎಂದು ತಿಳಿದವರು ಈ ಸಂಗತಿಯನ್ನು ಸ್ವಲ್ಪ ನೆನೆಯಬೇಕು.

ದೂರದರ್ಶನದ ಕಥೆಯೂ ಇದಕ್ಕಿಂತ ಕಡಿಮೆ ಸ್ವಾರಸ್ಯದ್ದಲ್ಲ. ಕನ್ನಡ ಹಳ್ಳಿಗಳಿಗೆ ದೂರದರ್ಶನ ಬಂದದ್ದು ಬೆಂಗಳೂರಿನಿಂದಲ್ಲ, ಆಕಾಶದಿಂದ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳಿಸುವ ದೊಡ್ಡದೊಂದು ಪ್ರಯೋಗ ನಡೆಯಿತು. 'ಸೈಟ್' ಎಂಬುದು ಅದರ ಹೆಸರು. ನಮ್ಮ ಕಡೆ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದುವು. ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. ಆ ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಹೊತ್ತು ತರಬಲ್ಲದಾಗಿತ್ತು. ಒಂದೇ ಚಿತ್ರವನ್ನು ಗಡಿಯ ಈಚೆಯವರು ಕನ್ನಡದಲ್ಲಿಯೂ ಆಚೆಯವರು ತೆಲುಗಿನಲ್ಲಿಯೂ ಕೇಳುವುದು ಸಾಧ್ಯವಾಯಿತು. ಇದಲ್ಲದೆ ಪ್ರತಿ ಸಂಜೆ ಎಲ್ಲ ರಾಜ್ಯಗಳಿಗೂ ಸಮಾನವಾಗಿ ಅರ್ಧ ಗಂಟೆಯ ಹಿಂದಿ ಕಾರ್ಯಕ್ರಮ ಬರುತ್ತಿತ್ತು. ಇಂದಿನ ಸಮಸ್ಯೆಯ ಬೀಜವೆಲ್ಲ ಆ ಒಂದು ವರ್ಷದಲ್ಲಿಯೇ ಇದೆ: ಒಂದು ಚಿತ್ರ, ಎರಡು ನುಡಿ, ಮೇಲೊಂದು ಸಾಮಾನ್ಯ ಪಾಠ. ಚಿತ್ರ ಒಂದಾದರೆ ಮಾತೂ ಒಂದೇ ಆಗಬೇಕೆ, ಅಥವಾ ನೋಡುವವರಿಗೆ ತಕ್ಕಂತೆ ಬೇರೆಯಾಗಬೇಕೆ?

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ 1981ರಲ್ಲಿ ಪ್ರಾರಂಭವಾಯಿತು. ಮರುವರ್ಷವೇ, 1982ರ ಆಗಸ್ಟ್ 15ರಂದು, ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಹೊರಟಿತು, ಬಣ್ಣವೂ ಬಂದಿತು. ಅಲ್ಲಿಂದ ಮುಂದೆ ಸಂಜೆಯ ಹೊತ್ತು ಎರಡು ಭಾಗವಾಯಿತು. ಮೊದಲು ಕನ್ನಡ, ಆಮೇಲೆ ದೆಹಲಿ. ನನ್ನ ವಯಸ್ಸಿನವರೆಲ್ಲ ಬಾಲ್ಯದಲ್ಲಿ ಆ ಕೂಡುಜಾಗವನ್ನು ಕಂಡವರೇ. ಕನ್ನಡದ ಉದ್ಘೋಷಕಿ ನಾಳಿನ ಕಾರ್ಯಕ್ರಮಗಳನ್ನು ಹೇಳಿ ಕೈಮುಗಿದರೆ ಕನ್ನಡದ ಪಾಲು ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ಆಕೆಯ ಕೈಯಲ್ಲಿ ಅಧಿಕಾರವೇನೂ ಇರಲಿಲ್ಲ. ಆದರೂ ಆಕೆ ಆಡಿದ್ದು ಕನ್ನಡದಲ್ಲಿ ಹುಟ್ಟಿದ ವಾಕ್ಯ; ಎಲ್ಲಿಂದಲೋ ಬಂದ ವಾಕ್ಯದ ನೆರಳಲ್ಲ. ವ್ಯತ್ಯಾಸ ಇರುವುದು ಇಲ್ಲಿ.

ಇದಕ್ಕೆ ಕಾರಣವನ್ನು ಆ ಕಾಲದ ಒಂದು ಹುದ್ದೆಯ ಹೆಸರಿನಲ್ಲಿಯೇ ಕಾಣಬಹುದು. ದೆಹಲಿಯಿಂದ ನಾನಾ ಭಾಷೆಗಳಲ್ಲಿ ವಾರ್ತೆ ಓದುತ್ತಿದ್ದವರನ್ನು ಆಕಾಶವಾಣಿ ಬರಿಯ ವಾಚಕರೆಂದು ಕರೆಯಲಿಲ್ಲ; 'ವಾರ್ತಾವಾಚಕ ಮತ್ತು ಅನುವಾದಕ' ಎಂದು ಕರೆಯಿತು. ಮೂಲವಾರ್ತೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದನ್ನು ಕನ್ನಡಕ್ಕೆ ತರುವವನೂ ಓದುವವನೂ ಒಬ್ಬನೇ. ಈ ಏರ್ಪಾಡು ಖರ್ಚು ಉಳಿಸುವುದಕ್ಕಾಗಿ ಹುಟ್ಟಿತೋ ಹೇಗೋ, ಆದರೆ ಅದರಲ್ಲಿ ದೊಡ್ಡದೊಂದು ವಿವೇಕವಿತ್ತು. ತಾನು ಬರೆದ ವಾಕ್ಯವನ್ನು ಲಕ್ಷಾಂತರ ಜನರ ಮುಂದೆ ತಾನೇ ಉಚ್ಚರಿಸಬೇಕಾದವನು ನಾಲಗೆ ತೊಡರುವ ವಾಕ್ಯವನ್ನು ಬರೆಯಲಾರ. ಉಸಿರು ಸಾಲದಷ್ಟು ಉದ್ದವಾದರೆ ಅದನ್ನು ಮುರಿಯುತ್ತಾನೆ. 'ಮಾಡಲ್ಪಟ್ಟಿತು', 'ನೀಡಲ್ಪಡುತ್ತದೆ' ಎಂದು ಬರೆಯಲು ಹೊರಟ ಕೈಯನ್ನು ಅವನ ಕಿವಿಯೇ ತಡೆಯುತ್ತದೆ. ಲೇಖನಿಯನ್ನೂ ನಾಲಗೆಯನ್ನೂ ಒಬ್ಬನ ಬಳಿಯಲ್ಲಿಯೇ ಇಟ್ಟದ್ದು ಅಂದಿನ ಕನ್ನಡವನ್ನು ಕಾಪಾಡಿತು. ಇಂದು ಇವೆರಡನ್ನೂ ಬೇರೆ ಮಾಡಿದ್ದೇವೆ. ಬರೆಯುವವನು ಒಂದು ಊರಿನಲ್ಲಿ, ತಿರುಗಿಸುವವನು ಇನ್ನೊಂದು ಊರಿನಲ್ಲಿ, ಓದುವವನು ಮೂರನೆಯ ಊರಿನಲ್ಲಿ. ಮೂವರೂ ಒಬ್ಬರನ್ನೊಬ್ಬರು ಕಂಡಿಲ್ಲ. ಕೇಳುವ ನಮ್ಮನ್ನಂತೂ ಮೂವರೂ ಕಂಡಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಥ ಧ್ವನಿಯ ಕೆಲಸದಲ್ಲಿದ್ದಾಳೆ. ಎಂ.ಎ. ತರಗತಿಯಲ್ಲಿ ಹಳಗನ್ನಡವನ್ನು ತಪ್ಪಿಲ್ಲದೆ ಓದುತ್ತಿದ್ದ ಹುಡುಗಿ. ಅವಳು ಹೇಳುವ ಪ್ರಕಾರ ಕೈಗೆ ಬರುವ ಹಾಳೆಯಲ್ಲಿ ಪ್ರತಿಯೊಂದು ವಾಕ್ಯದ ಮುಂದೆಯೂ ಸೆಕೆಂಡುಗಳ ಲೆಕ್ಕವಿರುತ್ತದೆ. "ಸರ್, ಈ ವಾಕ್ಯ ಕನ್ನಡದಲ್ಲಿ ಹೀಗೆ ಬರೋದಿಲ್ಲ ಅಂತ ಹೇಳಿದರೆ, ಮೂಲದವರು ಒಪ್ಪಿಯಾಗಿದೆ, ನೀವು ಓದಿ ಅಂತಾರೆ" ಎಂದಳು. ಮೂಲದವರು ಎಂದರೆ ಕನ್ನಡ ಬಾರದವರು! ಬಾರದವರ ಒಪ್ಪಿಗೆ ಬಂದ ಮೇಲೆ ಬಲ್ಲವರು ಬಾಯಿ ಮುಚ್ಚಿಕೊಂಡು ಬಾಯಿ ತೆರೆಯಬೇಕು. ಇದಕ್ಕಿಂತ ವಿಚಿತ್ರವಾದ ಶಿಸ್ತನ್ನು ನಾನು ಕೇಳಿಲ್ಲ.

ಇದರಿಂದ ಆಗುವ ಕೇಡು ಬರಿಯ ಶೈಲಿಯದು, ಮೇಷ್ಟ್ರುಗಳ ಮೂಗುಮುರಿತ, ಎಂದು ಕೆಲವರು ನಗಬಹುದು. ಹಾಗಲ್ಲ. ಅರ್ಥವೇ ಕೆಡುತ್ತದೆ. ಸಂಸ್ಕೃತದ ಪದಗಳು ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಇರುವುದರಿಂದ ತಿರುಗಿಸುವ ಕೆಲಸ ಸುಲಭವೆಂದು ತಿಳಿಯುವವರು ಈ ಕೆಲವು ಪದಗಳನ್ನು ನೋಡಲಿ. ಹಿಂದಿಯ 'ಅವಸರ'ವೆಂದರೆ ಅವಕಾಶ. ನಮ್ಮ ಅವಸರ ಆತುರ. ಹಿಂದಿಯ 'ಚೇಷ್ಟಾ' ಎಂದರೆ ಪ್ರಯತ್ನ. ನಮ್ಮ ಚೇಷ್ಟೆ ಹುಡುಗಾಟ. ಅವರ 'ಸಂಸಾರ' ಇಡೀ ಜಗತ್ತು. ನಮ್ಮ ಸಂಸಾರ ಹೆಂಡತಿ ಮಕ್ಕಳು. ಹವಾಮಾನದ 'ಪೂರ್ವಾನುಮಾನ' ಅವರಿಗೆ ಮುನ್ಸೂಚನೆ. ನಮಗೆ ಅನುಮಾನವೆಂದರೆ ಸಂದೇಹ. ಹವಾಮಾನ ಇಲಾಖೆಯ ಮೇಲೆ ನಮಗೆ ಸಂದೇಹವಿರಬಹುದು, ಆದರೆ ಅದನ್ನು ಇಲಾಖೆಯವರ ಬಾಯಿಂದಲೇ ಹೇಳಿಸಬಾರದು. 'ಉಪನ್ಯಾಸ' ಹಿಂದಿಯಲ್ಲಿ ಕಾದಂಬರಿ. ಆ ಲೆಕ್ಕದಲ್ಲಿ ಉಪನ್ಯಾಸಕನಾದ ನಾನು ಒಂದು ಕಾದಂಬರಿಯನ್ನೂ ಬರೆಯದೆ ಕಾದಂಬರಿಕಾರನಾಗಿ ತಿಂಗಳ ಸಂಬಳ ಎಣಿಸುತ್ತಿದ್ದೇನೆ. ಎಲ್ಲಕ್ಕಿಂತ ಮೇಲಾದದ್ದು 'ಶಿಕ್ಷಾ'. ಹಿಂದಿಯಲ್ಲಿ ಅದು ವಿದ್ಯೆ. ಕನ್ನಡದ ಮಗುವಿಗೆ ಶಿಕ್ಷೆಯೆಂದರೆ ಬೆತ್ತ. 'ಸರ್ವ ಶಿಕ್ಷಾ ಅಭಿಯಾನ'ವನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಎಲ್ಲರನ್ನೂ ದಂಡಿಸುವ ಯೋಜನೆಯೆಂದು ಅರ್ಥವಾಗುತ್ತಿತ್ತು. ಯಾರೋ ಪುಣ್ಯಾತ್ಮರು ಅದನ್ನು 'ಸರ್ವ ಶಿಕ್ಷಣ ಅಭಿಯಾನ' ಎಂದು ತಿದ್ದಿದರು. ಈಗಿನ ಯೋಜನೆಯೂ ಇಲ್ಲಿ 'ಸಮಗ್ರ ಶಿಕ್ಷಣ'ವೆಂದೇ ನಡೆಯುತ್ತಿದೆ. ಒಂದೇ ಒಂದು ಅಕ್ಷರದ ವ್ಯತ್ಯಾಸ. ಆದರೆ ಆ ಒಂದು ಅಕ್ಷರವನ್ನು ಹಾಕಲು ಕನ್ನಡ ಬಲ್ಲವನೊಬ್ಬನಿಗೆ ಅಧಿಕಾರವಿರಬೇಕು. ನಾನು ಬೇಡುತ್ತಿರುವುದು ಆ ಅಧಿಕಾರವನ್ನೇ.

ಪದಗಳ ಮಾತಾಯಿತು. ಕಾಲದ ಮಾತಿಗೆ ಬರೋಣ. ಉತ್ತರದ ಪಂಚಾಂಗದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಆದುದರಿಂದ ಕೃಷ್ಣಪಕ್ಷದ ಹದಿನೈದು ದಿನಗಳಿಗೆ ಅವರ ತಿಂಗಳ ಹೆಸರು ಒಂದು, ನಮ್ಮದು ಇನ್ನೊಂದು. ನಮ್ಮ ಶಿವರಾತ್ರಿ ಮಾಘದಲ್ಲಿ, ಅವರದು ಫಾಲ್ಗುಣದಲ್ಲಿ. ದಿನ ಮಾತ್ರ ಒಂದೇ. ನಮ್ಮ ಕೃಷ್ಣಾಷ್ಟಮಿ ಶ್ರಾವಣದಲ್ಲಿ, ಅವರದು ಭಾದ್ರಪದದಲ್ಲಿ. ದೀಪಾವಳಿಯ ಅಮಾವಾಸ್ಯೆ ನಮಗೆ ಆಶ್ವಯುಜದ್ದು, ಅವರಿಗೆ ಕಾರ್ತಿಕದ್ದು. ಉತ್ತರದವರಿಗೆ ಶ್ರಾವಣ ಬಂದು ಹದಿನೈದು ದಿನವಾದ ಮೇಲೆ ನಮಗೆ ಬರುತ್ತದೆ. 'ಇಂದಿನಿಂದ ಪವಿತ್ರ ಶ್ರಾವಣ ಮಾಸ' ಎಂಬ ಮೂಲವಾಕ್ಯವನ್ನು ವ್ಯಾಕರಣಶುದ್ಧವಾಗಿ ಕನ್ನಡಕ್ಕೆ ತಂದು, ಸುಶ್ರಾವ್ಯವಾಗಿ ಓದಿದರೂ ಅದು ಕರ್ನಾಟಕದಲ್ಲಿ ಸುಳ್ಳೇ. ನಮ್ಮ ಮನೆಗಳಲ್ಲಿ ಆಗಿನ್ನೂ ಆಷಾಢ. ಹೊಸ ಸೊಸೆ ತವರಿನಲ್ಲಿಯೇ ಇರುತ್ತಾಳೆ. ಅನುವಾದ ಸರಿ, ಸಂಗತಿ ತಪ್ಪು! ಭಾಷೆಯನ್ನು ಮಾತ್ರ ಬಲ್ಲವನು ಇದನ್ನು ತಿದ್ದಲಾರ; ನಮ್ಮ ನಡುವೆ ಇರುವವನು ತಿದ್ದಬಲ್ಲ. ಉಡುಪಿ ಮಂಗಳೂರಿನ ಕಡೆ ಸೌರಮಾನದ ಲೆಕ್ಕ ಬೇರೆಯೇ ಇದೆ ಎಂಬುದನ್ನು ಇದಕ್ಕೆ ಸೇರಿಸಿಕೊಂಡರೆ 'ಸ್ಥಳೀಯ'ವೆಂಬ ಮಾತು ಎಷ್ಟು ಒಳಗಿನವರೆಗೆ ಹೋಗುತ್ತದೆಂದು ತಿಳಿಯುತ್ತದೆ.

ಹಬ್ಬದ ಒಳಗಿನ ಕಥೆಯೂ ಹೀಗೆಯೇ. ವಿಜಯದಶಮಿಯೆಂದರೆ ಉತ್ತರದಲ್ಲಿ ರಾವಣನ ದಹನ. ಮೈಸೂರಿನಲ್ಲಿ ಅಂಬಾರಿಯ ಮೇಲೆ ಚಾಮುಂಡೇಶ್ವರಿ. ದೀಪಾವಳಿಯೆಂದರೆ ಅಲ್ಲಿ ರಾಮ ಅಯೋಧ್ಯೆಗೆ ಮರಳಿದ್ದು. ಇಲ್ಲಿ ನರಕಾಸುರನ ವಧೆ, ಎಣ್ಣೆನೀರು, ಬಲೀಂದ್ರನ ಪೂಜೆ. ಯಾವುದು ಹೆಚ್ಚು ಯಾವುದು ಕಡಿಮೆ ಎಂಬ ಜಗಳ ನನ್ನದಲ್ಲ. ಬಲಿಪಾಡ್ಯಮಿಯ ದಿನ ಕನ್ನಡದಲ್ಲಿ ಶುಭಾಶಯ ಹೇಳುವವನಿಗೆ ಬಲೀಂದ್ರನ ಹೆಸರಾದರೂ ಗೊತ್ತಿರಬೇಡವೆ? ಶಾಲೆಯ ರಜೆಯನ್ನೇ ನೋಡಿ. ದೆಹಲಿಯ ಮಕ್ಕಳಿಗೆ ಬೇಸಿಗೆ ರಜೆ ಮೇ ನಡುವಿನಿಂದ ಜೂನ್ ಕೊನೆಯವರೆಗೆ. ನಮ್ಮ ಮಕ್ಕಳು ಏಪ್ರಿಲ್, ಮೇ ಕಳೆದು ಮುಂಗಾರಿನ ಮೊದಲ ಮಳೆಗೆ ಕೊಡೆ ಹಿಡಿದು ಶಾಲೆಗೆ ಹೊರಡುವವರು. ಜೂನ್ ತಿಂಗಳಲ್ಲಿ 'ಮಕ್ಕಳೇ, ರಜೆಯ ಮಜಾ ಅನುಭವಿಸಿ' ಎಂದು ಕನ್ನಡದಲ್ಲಿ ಕೂಗುವ ಧ್ವನಿ ಮನೆಪಾಠ ಬರೆಯುತ್ತ ಕುಳಿತ ಹುಡುಗನನ್ನು ಅಣಕಿಸಿದಂತಾಗುತ್ತದೆ.

ಇನ್ನು ಸಂಬಂಧಗಳು. ಅಮೀನ್ ಸಯಾನಿಯವರು 'ಬೆಹನೋ ಔರ್ ಭಾಯಿಯೋ' ಎಂದು ಕರೆದಾಗ ಹಿಂದಿ ಬಾರದವರ ಮನಸ್ಸೂ ಅರಳುತ್ತಿತ್ತು, ಏಕೆಂದರೆ ಅದು ಆ ಭಾಷೆಯ ಜೀವಂತ ಮಾತು. ಅದನ್ನೇ 'ಸಹೋದರಿಯರೇ ಮತ್ತು ಸಹೋದರರೇ' ಎಂದರೆ ಸಹಕಾರಿ ಸಂಘದ ವಾರ್ಷಿಕ ವರದಿ ಓದಿದಂತಿರುತ್ತದೆ. ನಮ್ಮಲ್ಲಿ ಸಹೋದರನಿಲ್ಲ, ಅಣ್ಣನಿದ್ದಾನೆ, ತಮ್ಮನಿದ್ದಾನೆ. ಸಹೋದರಿಯಿಲ್ಲ, ಅಕ್ಕನಿದ್ದಾಳೆ, ತಂಗಿಯಿದ್ದಾಳೆ. 'ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ' ಎಂದರೆ ಸಾಕು, ಕೇಳುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಧಾರಾವಾಹಿಗಳಲ್ಲಿ ಇದು ಇನ್ನೂ ಸೂಕ್ಷ್ಮ. ಹಿಂದಿಯ ಹುಡುಗಿ ಸೋದರತ್ತೆಯ ಮಗನನ್ನು 'ಭಯ್ಯಾ' ಎನ್ನುತ್ತಾಳೆ. ಕನ್ನಡದ ಅನೇಕ ಮನೆಗಳಲ್ಲಿ ಅತ್ತೆಯ ಮಗನೆಂದರೆ ಮದುವೆಯಾಗಬಹುದಾದ ವರ. ಆ 'ಭಯ್ಯಾ'ನನ್ನು 'ಅಣ್ಣಾ' ಎಂದು ತಿರುಗಿಸಿದರೆ ನಮ್ಮ ಅಜ್ಜಿಯರು ಕಥೆಯ ಎಳೆಯನ್ನು ಅಲ್ಲಿಯೇ ಕಳೆದುಕೊಳ್ಳುತ್ತಾರೆ. ಕಥೆಗೆ ಮುಂಚೆ ಒಬ್ಬ ಉದ್ಘೋಷಕ ಬಂದು, 'ಆ ಸೀಮೆಯಲ್ಲಿ ಅತ್ತೆಯ ಮಗನೂ ಅಣ್ಣನೇ' ಎಂದು ಒಂದು ಮಾತು ಹೇಳಿದ್ದರೆ ಗೊಂದಲವೂ ತಪ್ಪುತ್ತಿತ್ತು, ಇನ್ನೊಂದು ಸೀಮೆಯ ಪದ್ಧತಿಯೂ ತಿಳಿಯುತ್ತಿತ್ತು. ರಾಷ್ಟ್ರೀಯ ಭಾವೈಕ್ಯವೆಂದರೆ ಇದಲ್ಲವೆ?

ಇವೆಲ್ಲ ಮನರಂಜನೆಯ ಮಾತು, ಹೋಗಲಿ ಬಿಡಿ ಎನ್ನುವವರಿಗಾಗಿ ಪ್ರಾಣದ ಮಾತನ್ನೇ ಎತ್ತುತ್ತೇನೆ. 2020ರ ಮಹಾಮಾರಿಯ ಕಾಲದಲ್ಲಿ ಒಂದು ಇಂಗ್ಲಿಷ್ ಪದ ಲೋಕವನ್ನೆಲ್ಲ ಸುತ್ತಿ 'ಸಾಮಾಜಿಕ ಅಂತರ'ವೆಂದು ಕನ್ನಡಕ್ಕೆ ಇಳಿಯಿತು. ನೂರಾರು ವರ್ಷ ಕೆಲವರನ್ನು ಕೇರಿಯ ಆಚೆ, ಬಾವಿಯ ಆಚೆ, ಗುಡಿಯ ಆಚೆ ನಿಲ್ಲಿಸಿದ ಸಮಾಜದಲ್ಲಿ 'ಸಾಮಾಜಿಕ ಅಂತರ ಕಾಯ್ದುಕೊಳ್ಳಿ' ಎಂದು ದಿನಕ್ಕೆ ಹತ್ತು ಸಲ ಸಾರುವುದೆಂದರೇನೆಂದು ತಿರುಗಿಸಿದವರಿಗೆ ಹೊಳೆಯಲೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಆ ಮಾರ್ಚ್ ತಿಂಗಳಿನಲ್ಲಿ 'ದೈಹಿಕ ಅಂತರ'ವೆನ್ನುವುದು ಮೇಲೆಂದು ಹೇಳಿತು. ಆ ಮೇಲೂ ಹಳೆಯ ಪದವೇ ನಮ್ಮ ಕಿವಿಗಳಲ್ಲಿ ಮೊಳಗುತ್ತಿತ್ತು; ಹಾಳೆಯಲ್ಲಿ ಹಾಗೆಯೇ ಇತ್ತಲ್ಲ!

ಅದೇ ವರ್ಷ ಹಿಂದಿಯಲ್ಲಿ ಪ್ರಧಾನಮಂತ್ರಿಗಳ ಬಾಯಿಂದ 'ದೋ ಗಜ್ ಕೀ ದೂರೀ' ಎಂಬ ಘೋಷಣೆ ಬಂದಿತು. ಒಳ್ಳೆಯ ಘೋಷಣೆ. ಮೀಟರು, ಅಡಿಗಳ ಗೊಡವೆಯಿಲ್ಲದೆ ಜನರ ಬಾಯಲ್ಲಿರುವ ಅಳತೆಯನ್ನು ಹಿಡಿದು ಕಟ್ಟಿದ್ದು. ಅದರ ಕನ್ನಡವೆಂದು ನಾನು ಕೇಳಿದ್ದು 'ಎರಡು ಗಜ ಅಂತರ'. ಅಂಗಡಿಯಲ್ಲಿ ಬಟ್ಟೆ ಅಳೆಯುವವರನ್ನು ಬಿಟ್ಟರೆ ಇಂದು ಗಜದ ಲೆಕ್ಕ ನಮ್ಮಲ್ಲಿ ಯಾರಿಗಿದೆ? ಎರಡು ಗಜವೆಂದರೆ ಆರು ಅಡಿ. ಆರು ಅಡಿಗೆ ಕನ್ನಡದಲ್ಲಿ ಒಂದು ಮಾತುಂಟು: ಮಾರು. ಎರಡು ತೋಳುಗಳನ್ನೂ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ ಒಂದು ಮಾರು. ನಾಲ್ಕು ಮೊಳ ಸೇರಿದರೆ ಒಂದು ಮಾರು. ಗಾಂಧಿಬಜಾರಿನಲ್ಲಿ ಹೂ ಕೊಳ್ಳುವ ಯಾವ ಗೃಹಿಣಿಯನ್ನು ಕೇಳಿದರೂ ಹೇಳುತ್ತಾಳೆ. 'ಒಂದು ಮಾರು ದೂರ ನಿಲ್ಲಿ' ಎಂದಿದ್ದರೆ ಹಳ್ಳಿಯ ಮುದುಕಿಯೂ ತೋಳು ಚಾಚಿ ಅಳೆದು ನಿಲ್ಲುತ್ತಿದ್ದಳು. ಅಳತೆಯ ಕೋಲು ಅವಳ ಮೈಯಲ್ಲಿಯೇ ಇತ್ತು! ಹಿಂದಿಯ ಘೋಷಣೆಯನ್ನು ನಿಜವಾಗಿ ಅನುಸರಿಸುವುದೆಂದರೆ ಅದು ಮಾಡಿದ ಕೆಲಸವನ್ನು ನಾವೂ ಮಾಡುವುದು, ಅದು ಆಡಿದ ಪದವನ್ನು ನಾವೂ ಆಡುವುದಲ್ಲ. ಮೂಲಕ್ಕೆ ನಿಷ್ಠೆ ಎಂಬುದರ ಅರ್ಥ ಇಷ್ಟೇ.

ನನ್ನ ವಾದಕ್ಕೆ ಎದುರು ನಿಲ್ಲುವ ಮಾತುಗಳನ್ನೂ ನೋಡೋಣ.

ರಾಷ್ಟ್ರೀಯ ಪಾಠವನ್ನು ಊರೂರಿನವರು ತಿದ್ದುತ್ತ ಹೋದರೆ ದೇಶದ ಮಾತು ಒಂದಾಗಿ ಉಳಿಯುವುದಿಲ್ಲ ಎಂಬುದು ಮೊದಲನೆಯದು. ಇಂಥವರು ಮುಂದುವರಿದ ದೇಶಗಳತ್ತ ಬೆರಳು ತೋರಿಸುವುದುಂಟು. ಆಗಲಿ, ಇಂಗ್ಲೆಂಡಿಗೇ ಹೋಗೋಣ. ಅಲ್ಲಿ 1955ರಲ್ಲಿ ಪ್ರಾರಂಭವಾದ ಐ.ಟಿ.ವಿ. ಎಂಬ ಖಾಸಗಿ ಜಾಲ ಒಂದೇ ಸಂಸ್ಥೆಯಾಗಿರಲಿಲ್ಲ, ಸೀಮೆಗೊಂದು ಕಂಪೆನಿ. ಒಂದೇ ಧಾರಾವಾಹಿಯನ್ನು ಬೇರೆ ಬೇರೆ ಸೀಮೆಗಳಲ್ಲಿ ಅಲ್ಲಲ್ಲಿಯ ಉದ್ಘೋಷಕರು ಪರಿಚಯಿಸುತ್ತಿದ್ದರು. ಕಂಪೆನಿಗಳು ಒಂದರೊಳಗೊಂದು ಸೇರಿಹೋದ ಮೇಲೆ 2002ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸೀಮೆಗಳ ಉದ್ಘೋಷಕರನ್ನು ಬಿಟ್ಟು ಲಂಡನ್ನಿನಿಂದ ಒಂದೇ ಧ್ವನಿಯನ್ನು ಕಳಿಸುವ ಏರ್ಪಾಡಾಯಿತು. ನಮ್ಮವರು ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ಆದರೆ ಸ್ಕಾಟ್ಲೆಂಡಿನ ಮತ್ತು ಉತ್ತರ ಐರ್ಲೆಂಡಿನ ಕಂಪೆನಿಗಳು ಅಂದು ಆ ದಾರಿ ಹಿಡಿಯಲಿಲ್ಲ. 'ಕಾರೊನೇಷನ್ ಸ್ಟ್ರೀಟ್' ಎಂಬುದು 1960ರಿಂದ ನಡೆದುಬಂದಿರುವ, ಮ್ಯಾಂಚೆಸ್ಟರಿನಲ್ಲಿ ತಯಾರಾಗುವ ಧಾರಾವಾಹಿ. ಬೆಲ್‌ಫಾಸ್ಟಿನ ಜೂಲಿಯನ್ ಸಿಮನ್ಸ್ ಎಂಬ ಉದ್ಘೋಷಕ ಅದಕ್ಕೆ ಮುಂಚೆ ತನ್ನ ಊರಿನ ಮಾತಿನ ಧಾಟಿಯಲ್ಲಿ, ಪಾತ್ರಗಳನ್ನು ಬೇಲಿಯಾಚೆಯ ನೆರೆಯವರಂತೆ ಗೇಲಿಮಾಡುತ್ತ, ಕಥೆಯನ್ನು ಪರಿಚಯಿಸುವುದಕ್ಕೆ ಹೆಸರಾದ. ಕಥೆ ಹೊರಗಿನದು, ಬಾಗಿಲು ತೆರೆದವನು ಮನೆಯವನು. ಬಿ.ಬಿ.ಸಿ.ಯಂಥ ಬಿ.ಬಿ.ಸಿ.ಯೂ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಿಗೆ ಬೇರೆ ಬೇರೆ ಉದ್ಘೋಷಕರನ್ನು ಇಟ್ಟುಕೊಂಡು ಬಂದಿತು. ವೇಲ್ಸಿನವರು ತಮ್ಮ ನುಡಿಗೇ ಒಂದು ವಾಹಿನಿ ಬೇಕೆಂದು ಹೋರಾಡಿ 1982ರಲ್ಲಿ ಪಡೆದರು. ಇಂಗ್ಲಿಷನ್ನೇ ಆಡುವ ಬೆಲ್‌ಫಾಸ್ಟಿನವನಿಗೆ ಲಂಡನ್ನಿನ ಇಂಗ್ಲಿಷ್ ಸಾಲದಾಯಿತು. ನಮಗೆ ಭಾಷೆಯೇ ಬೇರೆ, ಪಂಚಾಂಗ ಬೇರೆ, ಮಳೆಗಾಲ ಬೇರೆ. ನಾವು ಮಾತ್ರ ನೆರಳಿನಿಂದ ತೃಪ್ತರಾಗಬೇಕೆ?

ಎರಡನೆಯದು, ಕನ್ನಡದಲ್ಲಿ ಬಂದರೆ ಸಾಕು, ಎಂಥ ಕನ್ನಡವಾದರೇನು ಎಂಬ ಉದಾರವಾದ. ಇದನ್ನು ಆಡುವವರಲ್ಲಿ ಕನ್ನಡದ ಅಭಿಮಾನಿಗಳೂ ಇದ್ದಾರೆಂಬುದು ದುಃಖದ ಮಾತು. ಪರಭಾಷೆಯ ಚಿತ್ರಗಳನ್ನೂ ಧಾರಾವಾಹಿಗಳನ್ನೂ ಕನ್ನಡಕ್ಕೆ ಡಬ್ ಮಾಡಬಾರದೆಂಬ ಕಟ್ಟು ನಮ್ಮಲ್ಲಿ ದಶಕಗಳ ಕಾಲ ನಡೆಯಿತು. 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೇ' ಅನೇಕ ಭಾಷೆಗಳಲ್ಲಿ ಕೇಳಿಬಂದರೂ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆ ಕಟ್ಟಿನ ವಿರುದ್ಧ ತೀರ್ಪು ಕೊಟ್ಟಿತು. 2020ರಲ್ಲಿ 'ಮಹಾಭಾರತ' ಕನ್ನಡದ ಧ್ವನಿಯಲ್ಲಿ ಬಂದಿತು. ಅಂಬೇಡ್ಕರರ ಜೀವನವನ್ನು ಹೇಳುವ 'ಮಹಾನಾಯಕ'ವನ್ನು ಹಳ್ಳಿಹಳ್ಳಿಗಳಲ್ಲಿ ಜನ ಫಲಕ ಹಾಕಿ ಸ್ವಾಗತಿಸಿದರು. ಆ ಸಂತೋಷದಲ್ಲಿ ನಾನೂ ಪಾಲುಗಾರ. ಬಾಗಿಲು ಮುಚ್ಚಬೇಕೆಂಬುದು ನನ್ನ ವಾದವಲ್ಲ. ಬಾಗಿಲು ತೆರೆದಾಯಿತು, ಆದುದರಿಂದಲೇ ಬಾಗಿಲಲ್ಲಿ ನಿಲ್ಲುವವನು ಬಲ್ಲವನಾಗಿರಬೇಕು ಎಂಬುದು ನನ್ನ ವಾದ. ಮುಚ್ಚಿದ ಮನೆಗೆ ಆತಿಥೇಯ ಬೇಕಿಲ್ಲ.

ಮೂರನೆಯದು ನಿಜವಾಗಿಯೂ ತೂಕವುಳ್ಳ ಆಕ್ಷೇಪಣೆ. 'ನೀವು ಹೊಗಳುವ ಹಳೆಯ ಉದ್ಘೋಷಕರ ಕನ್ನಡ ಯಾರದು? ಮೈಸೂರು ಬೆಂಗಳೂರಿನ ಓದಿದವರದು. ಕಲಬುರ್ಗಿಯವರಿಗೆ, ಬಳ್ಳಾರಿಯವರಿಗೆ ಅದೂ ಹೊರಗಿನ ಪಾಠವೇ' ಎಂದು ಉತ್ತರ ಕರ್ನಾಟಕದ ಗೆಳೆಯರು ಕೇಳುತ್ತ ಬಂದಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಬೆಂಗಳೂರು ದೆಹಲಿಯ ಮೇಲೆ ಹೊರಿಸುವ ದೂರನ್ನು ಕಲಬುರ್ಗಿ ಬೆಂಗಳೂರಿನ ಮೇಲೆ ಹೊರಿಸಬಹುದು. ಆದರೆ ಇದು ನನ್ನ ವಾದವನ್ನು ಮುರಿಯುವುದಿಲ್ಲ, ಮುಂದಕ್ಕೆ ಒಯ್ಯುತ್ತದೆ. ಬಾನುಲಿಯಲ್ಲಿ ಧಾರವಾಡಕ್ಕೆ 1950ರಲ್ಲಿ, ಕಲಬುರ್ಗಿಗೆ 1966ರಲ್ಲಿ, ಮಂಗಳೂರಿಗೆ 1976ರಲ್ಲಿ ಸ್ವಂತ ನಿಲಯಗಳು ಬಂದುವು. ಒಂದೊಂದರ ಮಾತಿಗೂ ಒಂದೊಂದು ನೆಲದ ವಾಸನೆ. ಧಾರವಾಡದ 'ಕೇಳ್ರಿ' ಎಂಬಲ್ಲಿ ಇರುವ ಮರ್ಯಾದೆಗೆ 'ದಯವಿಟ್ಟು' ಎಂಬ ಊರುಗೋಲು ಬೇಕಿಲ್ಲ. ದೂರದರ್ಶನವಾಗಲಿ ಖಾಸಗಿ ವಾಹಿನಿಗಳಾಗಲಿ ಅಷ್ಟು ದೂರವೂ ನಡೆದಿಲ್ಲ. ರೋಗಕ್ಕೆ ಮದ್ದು ಇನ್ನಷ್ಟು ಸ್ಥಳೀಯವಾಗುವುದೇ ಹೊರತು, ಹೇಗೂ ಯಾರಿಗೂ ಪೂರ್ತಿ ಒಪ್ಪಿಗೆಯಿಲ್ಲವೆಂದು ಎಲ್ಲರಿಗೂ ಪರಕೀಯವಾದುದನ್ನು ಹಂಚುವುದಲ್ಲ.

ಕೊನೆಯದು ಖರ್ಚು ಮತ್ತು ಯಂತ್ರ. ಈಗ ಗಣಕಯಂತ್ರವೇ ಹಿಂದಿಯಿಂದ ಕನ್ನಡಕ್ಕೆ ತಿರುಗಿಸುತ್ತದೆ, ಮನುಷ್ಯರ ಧ್ವನಿಯಲ್ಲಿ ಓದಿಯೂ ಬಿಡುತ್ತದೆ. ಉದ್ಘೋಷಕನ ಕಾಲ ಮುಗಿಯಿತು ಎನ್ನುತ್ತಾರೆ. ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಆದರೆ ಮಕ್ಕಿಕಾಮಕ್ಕಿ ಕೆಲಸ ಕೆಟ್ಟದ್ದಾಗಿರುವುದು ಅದು ನಿಧಾನವಾಗಿ ನಡೆಯುತ್ತಿತ್ತೆಂಬ ಕಾರಣಕ್ಕಲ್ಲ. ಬೇಗ ಮಾಡಿದರೆ ಒಳ್ಳೆಯದಾಗುವುದಕ್ಕೆ. ಯಂತ್ರಕ್ಕೆ ನಾಚಿಕೆಯಿಲ್ಲ. ತಾನು ಆಡಿದ ವಾಕ್ಯವನ್ನು ಮರುದಿನ ತರಕಾರಿ ಅಂಗಡಿಯಲ್ಲಿ ಯಾರಾದರೂ ಆಡಿಕೊಂಡಾರು ಎಂಬ ಅಳುಕಿಲ್ಲ. ಆ ಅಳುಕೇ ಹಳೆಯ ಉದ್ಘೋಷಕನ ವ್ಯಾಕರಣವಾಗಿತ್ತು. ಯಂತ್ರ ಕರಡು ಮಾಡಲಿ, ಬೇಡವೆನ್ನುವುದಿಲ್ಲ; ಅದರ ಕಿವಿ ಹಿಡಿಯಲು ಒಬ್ಬ ಕನ್ನಡಿಗನಿರಲಿ. ಕೋಟಿಗಟ್ಟಲೆ ಸುರಿದು ಒಂದು ಧಾರಾವಾಹಿಯನ್ನು ತರುವವರಿಗೆ ಅದರ ಮುಂದೆ ಅರ್ಧ ನಿಮಿಷ ಸರಿಯಾಗಿ ಮಾತನಾಡಿಸುವ ಖರ್ಚು ಭಾರವೆಂದರೆ ನಂಬುವುದು ಕಷ್ಟ.

ಹಾಗಾದರೆ ಆಗಬೇಕಾದದ್ದೇನು? ಮೂರೇ ಮೂರು. ಕೇಂದ್ರದಿಂದ ಬರುವವರು ನಮಗೆ ವಾಕ್ಯಗಳನ್ನು ಕಳಿಸಬಾರದು, ಸಂಗತಿಗಳನ್ನು ಕಳಿಸಬೇಕು. ವಾಕ್ಯವನ್ನು ನಾವು ಕಟ್ಟಿಕೊಳ್ಳುತ್ತೇವೆ. ಓದುವವರಿಗೆ ತಿದ್ದುವ ಹಕ್ಕಿರಬೇಕು, ಆ ಹಕ್ಕು ದಾಕ್ಷಿಣ್ಯದ್ದಾಗಿರದೆ ಕರಾರಿನಲ್ಲಿ ಬರೆದದ್ದಾಗಿರಬೇಕು. ಬರೆದವರ, ಓದಿದವರ ಹೆಸರುಗಳು ಕೇಳುವವರಿಗೆ ತಿಳಿಯಬೇಕು, ಹೊಗಳಿಕೆಯೋ ಬೈಗಳೋ ತಲುಪಬೇಕಾದವರಿಗೆ ತಲುಪಲಿ. ಸರ್ಕಾರದ ಪ್ರಕಟಣೆಗಳಲ್ಲಿ ಇದನ್ನು ಮೊದಲು ಜಾರಿಗೆ ತರುವುದು ಸುಲಭ. ಖಾಸಗಿಯವರು ಆಮೇಲೆ ಬರುತ್ತಾರೆ.

ಓದುಗರ ಪಾಲಿನ ಕೆಲಸವೂ ಒಂದುಂಟು. ಧಾರಾವಾಹಿಯ ನಾಯಕಿಗೆ ಅನ್ಯಾಯವಾದರೆ ವಾಹಿನಿಗೆ ಪತ್ರ ಬರೆಯುವ ನಾವು, ನಮ್ಮ ಮನೆಯ ಪಂಚಾಂಗವನ್ನು ತಪ್ಪಾಗಿ ಓದಿದಾಗ, ನಮ್ಮ ಅತ್ತೆಯ ಮಗನನ್ನು ಅಣ್ಣನನ್ನಾಗಿಸಿದಾಗ, ಒಂದು ಸಾಲನ್ನೂ ಬರೆಯುವುದಿಲ್ಲ. ಅರ್ಥವಾಯಿತಲ್ಲ, ಸಾಕು ಎಂದು ಸುಮ್ಮನಾಗುತ್ತೇವೆ. ಅರ್ಥವಾಗುವುದು ಬೇರೆ, ನಮ್ಮನ್ನು ಉದ್ದೇಶಿಸಿ ಆಡಿದರೆಂದು ಅನ್ನಿಸುವುದು ಬೇರೆ. ಮೊದಲನೆಯದು ಯಾವ ಭಾಷಾಂತರದಿಂದಲಾದರೂ ಆದೀತು. ಎರಡನೆಯದಕ್ಕೆ ನಮ್ಮನ್ನು ಬಲ್ಲ ಬಾಯಿಯೇ ಬೇಕು. ಆ ಬಾಯಿಗೆ ಇಂದು ಹಾಕಿರುವ ಬೀಗವನ್ನು ತೆಗೆಯಿರಿ ಎಂದು ಕೇಳುವುದಕ್ಕೆ ನಾವು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.